ಬುಧವಾರದ ಬೆಳ್ಳಿ

"ಇದರಲ್ಲಿ ನಿಮಗೇನು ಗಿಟ್ಟುತ್ತೆ, ಸಾಹುಕಾರ್ರೇ?" ಎಂದು ಆಕೆ ಕೇಳಿದಾಗ ಚಮಚ ಇನ್ನೂ ತಕ್ಕಡಿಯ ತಟ್ಟೆಯಲ್ಲಿ ಓಲಾಡುತ್ತಿತ್ತು.

ಬೆಳ್ಳಿ ವ್ಯಾಪಾರಿ ಮುಳ್ಳು ನಿಲ್ಲುವವರೆಗೆ ಉತ್ತರ ಕೊಡಲಿಲ್ಲ. ತೂಗುವಾಗ ಬಾಯಿ ಬಿಡಬಾರದು, ಉಸಿರು ತಾಗಿದರೂ ತಟ್ಟೆ ಅಲುಗುತ್ತದೆ ಎನ್ನುವುದು ಅವನಪ್ಪ ಹೇಳಿಕೊಟ್ಟ ಪಾಠ. ಯಾವ ತಟ್ಟೆಯ ಕಡೆ ಉಸಿರು ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಅಪ್ಪ ಹೇಳಿಕೊಟ್ಟಿದ್ದ, ಅದು ಬೇರೆ ಮಾತು.

"ಗಿಟ್ಟೋದಕ್ಕೆ ಏನಿದೆ? ದಿನಾ ಕೈಯೆಲ್ಲ ಕಪ್ಪು," ಎಂದು ಬೆರಳು ತೋರಿಸಿದ.

"ಎಲ್ಲ ವ್ಯಾಪಾರಿಗಳೂ ಹೀಗೇ ಅಳ್ತಾರೆ. ಅಳ್ತಾ ಅಳ್ತಾನೇ ಮಹಡಿ ಎಬ್ಬಿಸ್ತಾರೆ."

"ನನಗೆ ಮಹಡಿ ಇಲ್ಲ."

"ಅದಕ್ಕೇ ಕೇಳಿದ್ದು," ಎಂದಳು ಆಕೆ. "ಮಹಡಿ ಇದ್ದಿದ್ರೆ ಲೆಕ್ಕ ನಾನೇ ಹಾಕ್ಕೊಳ್ತಿದ್ದೆ."

ಅವನಿಗೆ ನಗು ಬಂತು. ಆ ಅಂಗಡಿಯಲ್ಲಿ ನಗು ಬರುವುದು ಅಪರೂಪ. ಬೆಳ್ಳಿ ಮಾರಲು ಬಂದವರು ಗೋಡೆ ನೋಡುತ್ತಾರೆ, ತಕ್ಕಡಿ ನೋಡುತ್ತಾರೆ, ಪರಿಚಯದವರು ಯಾರಾದರೂ ಬೀದಿಯಲ್ಲಿ ಹೋಗುತ್ತಿದ್ದಾರೆಯೇ ಎಂದು ಬಾಗಿಲ ಕಡೆ ನೋಡುತ್ತಾರೆ. ವ್ಯಾಪಾರಿಯ ಮುಖ ನೋಡುವುದು ಬೆಲೆ ಕೇಳಿ ಹೊಟ್ಟೆ ಉರಿದಾಗ ಮಾತ್ರ. ಹೀಗೆ ಮೂವತ್ತು ವರ್ಷ ಯಾರೂ ನೆಟ್ಟಗೆ ನೋಡದ ಮುಖಕ್ಕೆ ಏನಾಗಬೇಕೋ ಅದೇ ಅವನ ಮುಖಕ್ಕೂ ಆಗಿತ್ತು: ಉಪಯೋಗಿಸದ ಕೋಣೆಯ ಹಾಗೆ ಅದು ಮುಚ್ಚಿಕೊಂಡೇ ಇರುತ್ತಿತ್ತು. ಪೇಟೆಯವರು ಅವನನ್ನು ಗುಲಗಂಜಿ ಎಂದು ಕರೆಯುತ್ತಿದ್ದರು. ಒಂದು ಗುಲಗಂಜಿ ತೂಕಕ್ಕೂ ಜಗಳಕ್ಕೆ ನಿಲ್ಲುತ್ತಾನೆಂದು. ಅಪ್ಪನ ಆಸ್ತಿ ಹಂಚುವಾಗ ಬಂಗಾರ ಅಣ್ಣನಿಗೆ, ಬೆಳ್ಳಿ ತಮ್ಮನಿಗೆ ಎಂದು ತೀರ್ಮಾನವಾಗಿತ್ತು. ಅಣ್ಣ ಬೇರೆ ಊರಿನಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಇಟ್ಟ. ತಮ್ಮ ಇದ್ದಲ್ಲೇ ಇದ್ದ. ಅಂಗಡಿಯ ಹಿಂದೆ ಒಂದು ಕೋಣೆ, ಮಂಚ, ಒಲೆ, ಮದುವೆಯ ಪ್ರಸ್ತಾಪ ಬಂದಾಗಲೆಲ್ಲ "ದರ ಸ್ವಲ್ಪ ಸುಧಾರಿಸಲಿ" ಎಂದು ಮುಂದೂಡಿದ ಅಭ್ಯಾಸ. ದರ ಸುಧಾರಿಸಿತು. ಪ್ರಸ್ತಾಪಗಳು ನಿಂತವು.

ಆಕೆ ರೈಲ್ವೆ ನಿಲ್ದಾಣದಲ್ಲಿ ಮೈಕಿನಲ್ಲಿ ಗಾಡಿಗಳ ಹೊತ್ತು ಹೇಳುವ ಕೆಲಸದಲ್ಲಿದ್ದು ನಿವೃತ್ತಳಾದವಳು. ಸೇವೆಯ ಉದ್ದಕ್ಕೂ ಸಾವಿರಾರು ಜನರೊಂದಿಗೆ ಮಾತಾಡಿದ್ದಳು, ಒಬ್ಬರೂ ಉತ್ತರ ಕೊಟ್ಟಿರಲಿಲ್ಲ. "ಬೈತಿದ್ರು," ಎಂದು ಆಕೆಯೇ ತಿದ್ದಿ ಹೇಳಿದ್ದಳು. "ಗಾಡಿ ತಡ ಅಂದ್ರೆ ಸ್ಪೀಕರ್ ನೋಡಿ ಬೈತಿದ್ರು. ನನ್ನ ಕಿಟಕಿಯಿಂದ ಕಾಣ್ತಿತ್ತು. ಗಾಡೀನ ನಾನೇ ಎಲ್ಲೋ ಬಚ್ಚಿಟ್ಟಿದೀನೇನೋ ಅನ್ನೋ ಹಾಗೆ."

ಮೊದಲ ಬುಧವಾರ ಆಕೆ ತಂದದ್ದು ಚಮಚವಲ್ಲ, ಬಡಿಸುವ ಸೌಟು. ಅಂದು ಅವನು ಎಲ್ಲರಿಗೂ ಮಾಡುವ ಹಾಗೆಯೇ ಮಾಡಿದ. ಒರೆಗಲ್ಲಿಗೆ ಉಜ್ಜಿ ನೋಡಿದ, ತೂಗಿದ, ಬೆಲೆ ಹೇಳಿದ, ಆಕೆ ಒಪ್ಪಿದ ಮೇಲೆ ಮರದ ದಿಮ್ಮಿಗೆ ನೆಟ್ಟಿದ್ದ ದೊಡ್ಡ ಕತ್ತರಿಯ ಬಾಯಿಗೆ ಸೌಟಿನ ಕತ್ತು ಕೊಟ್ಟು ಹಿಡಿಯನ್ನು ಒತ್ತಿದ. ಟಕ್ಕೆಂದು ಸೌಟು ಎರಡಾಯಿತು. ಕೊಂಡ ಮಾಲನ್ನು ಮಾರಿದವರ ಕಣ್ಣೆದುರೇ ಕತ್ತರಿಸುವುದು ಆ ಅಂಗಡಿಯ ಪದ್ಧತಿ. ಒಳಗೆ ಸೀಸ ತುಂಬಿದ್ದರೆ ಆಗಲೇ ಗೊತ್ತಾಗುತ್ತದೆ ಎನ್ನುವುದು ಒಂದು ಕಾರಣ. ಮಾರನೆಯ ದಿನ ಅಳುತ್ತಾ ಬಂದು "ಅತ್ತೆ ಕೊಟ್ಟದ್ದು, ವಾಪಸು ಕೊಡಿ" ಎನ್ನುವವರ ಕಾಟ ಇರುವುದಿಲ್ಲ ಎನ್ನುವುದು ನಿಜವಾದ ಕಾರಣ. ಕತ್ತರಿ ಬಿದ್ದ ಮೇಲೆ ಮಾತಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಸೌಟು ಕತ್ತರಿಸಿದಾಗ ಆಕೆ ಮುಖ ತಿರುಗಿಸಿದಳು. ಅವನು ಅದನ್ನು ಗಮನಿಸಲಿಲ್ಲ. ಜನ ಮುಖ ತಿರುಗಿಸುವುದು ಅವನಿಗೆ ಹೊಸದಲ್ಲ.

ಎರಡನೆಯ ಬುಧವಾರ ಆಕೆ ಒಂದು ಚಮಚ ತಂದಳು. ತುದಿಯಲ್ಲಿ ಸಣ್ಣ ಎಲೆಯ ಚಿತ್ತಾರ. ಹಿಂದೆ ತಿರುಗಿಸಿ ನೋಡಿದರೆ ಮಾಡಿದವನ ಮುದ್ರೆ, ಬಲು ಹಳೆಯದು.

"ಇಂಥವು ಎಷ್ಟಿವೆ?" ಎಂದು ಕೇಳಿದ, ಏನೂ ಅಲ್ಲವೆನ್ನುವ ದನಿಯಲ್ಲಿ.

"ಹನ್ನೆರಡು. ಒಂದೂ ಕಳೆದಿಲ್ಲ, ಒಂದೂ ಸವೆದಿಲ್ಲ. ಯಾವುದೋ ದೊಡ್ಡ ಮನೆಯ ಸಾಮಾನು ಹರಾಜಾದಾಗ ನಮ್ಮಪ್ಪ ಹಿಡಿದದ್ದು. ನನ್ನ ಮದುವೆಗೆ ಅಂತ. ಬೀಗರ ಕಡೆ ಹನ್ನೆರಡು ಜನ ಸಾಲಾಗಿ ಕೂತು ಬೆಳ್ಳಿ ಚಮಚದಲ್ಲಿ ಉಣ್ಣಬೇಕು ಅಂತ ಅವರ ಆಸೆ." ಆಕೆ ಕರವಸ್ತ್ರ ಮಡಿಸಿದಳು. "ಚಮಚ ಬಂತು. ಬೀಗರು ಬರಲಿಲ್ಲ."

ಅವನು ಚಮಚವನ್ನು ಕತ್ತರಿಸಲಿಲ್ಲ. ಕತ್ತರಿಯ ಮೇಲೆ ಒಂದು ಬಟ್ಟೆ ಎಳೆದು, ಚಮಚವನ್ನು ಮೇಜಿನ ಖಾನೆಯಲ್ಲಿಟ್ಟ. ಬಿಡಿ ಚಮಚ ಎಂದರೆ ಬರೀ ಲೋಹ. ಹನ್ನೆರಡೂ ಕೂಡಿದರೆ ಅದರ ಬೆಲೆಯೇ ಬೇರೆ, ಹಳೆಯ ಸಾಮಾನಿನ ಹುಚ್ಚಿರುವವರು ತೂಕ ಕೇಳುವುದಿಲ್ಲ. ಹನ್ನೆರಡನ್ನೂ ಲೋಹದ ಬೆಲೆಗೆ ಒಂದೊಂದಾಗಿ ಕೊಂಡು ಒಟ್ಟಿಗೆ ಮಾರುವವನು ಜಾಣ. ಅವನು ಜಾಣನೇ ಆಗಿದ್ದ.

ಆಕೆ ಮಾತ್ರ ಒಮ್ಮೆ ಆ ಬಟ್ಟೆಯನ್ನೂ ಒಮ್ಮೆ ಅವನನ್ನೂ ನೋಡಿ ಎದ್ದು ಹೋದಳು.

ಈಗ ಮೂರನೆಯ ಚಮಚ ತಕ್ಕಡಿಯಿಂದ ಇಳಿದಿತ್ತು, ಆಕೆಯ ಪ್ರಶ್ನೆ ಹಾಗೇ ನಿಂತಿತ್ತು.

"ಹೇಳ್ತೀನಿ ಕೇಳಿ," ಎಂದ ಗುಲಗಂಜಿ. "ಪೇಟೆ ದರ ನೂರು ಅಂತಿಟ್ಕೊಳ್ಳಿ. ನಾನು ತಗೊಳ್ಳೋದು ತೊಂಬತ್ತಕ್ಕೆ. ಕೊಡೋದು ನೂರಕ್ಕೆ. ಇದು ಊರಿಗೆಲ್ಲ ಗೊತ್ತಿರೋ ಲಾಭ."

"ಊರಿಗೆ ಗೊತ್ತಿಲ್ಲದ್ದು?"

"ಬರೀ ಬೆಳ್ಳಿ ಮೆತ್ತಗೆ. ತುತ್ತು ಎತ್ತಿದ್ರೆ ಚಮಚ ಬಗ್ಗುತ್ತೆ. ಅದಕ್ಕೆ ತಾಮ್ರ ಸೇರಿಸ್ತಾರೆ. ನೂರಕ್ಕೆ ಏಳೋ ಎಂಟೋ ಇರುತ್ತೆ. ನಾನು ಹತ್ತು ಮುರ್ಕೊಳ್ತೀನಿ."

"ಅಬ್ಬಾ! ಎದುರಿಗೇ ಕೂರಿಸ್ಕೊಂಡು ಹೇಳ್ತೀರಲ್ಲ!"

"ಕೇಳಿದ್ರಲ್ಲಮ್ಮಾ."

"ಅಮ್ಮ ಬೇರೆ. ನಿಮಗಿಂತ ನಾನು ನಾಲ್ಕು ವರ್ಷವಾದ್ರೂ ಚಿಕ್ಕವಳು."

ಅವನು ಪೇಚಿಗೆ ಬಿದ್ದ. ಅಮ್ಮ ಎನ್ನುವಂತಿಲ್ಲ, ಅಕ್ಕ ಎಂದರೂ ಅದೇ ತಕರಾರು, ತಂಗಿ ಎನ್ನಲು ನಾಲಗೆ ಏಳಲಿಲ್ಲ. ಅಂದಿನಿಂದ ಆಕೆಯನ್ನು ಏನೆಂದೂ ಕರೆಯುವುದನ್ನೇ ಬಿಟ್ಟ. ಬಾಗಿಲಲ್ಲಿ ಕಂಡರೆ "ಬಂದ್ರಾ" ಎನ್ನುತ್ತಿದ್ದ. ಬಾಯಿಗೆ ಆ ಮಾತು ರೂಢಿಯಾಗಿ, ಬುಧವಾರ ಬೆಳಿಗ್ಗೆ ಬೀಗ ತೆಗೆಯುವಾಗಲೂ ತುಟಿಯ ಮೇಲೆ ಇರುತ್ತಿತ್ತು.

ಪ್ರತಿ ಬುಧವಾರ ಒಂದು ಚಮಚ, ಅದಕ್ಕೊಂದು ಕಾರಣ. ಹಲ್ಲು ಕಟ್ಟಿಸಬೇಕು ಎಂದಳು. ಕನ್ನಡಕದ ಗಾಜು ಬದಲಾಯಿಸಬೇಕು ಎಂದಳು. ಬಾಡಿಗೆ ಕೋಣೆಯ ಗೋಡೆ ಹಸಿ ಹಿಡಿದಿದೆ ಎಂದಳು. ಹಲ್ಲೂ ಕನ್ನಡಕವೂ ಹಳೆಯವೇ ಇದ್ದವು. ಅವನು ಕೇಳಲಿಲ್ಲ. ಆಕೆಯ ಕಡೆಯಿಂದ ಕಾರಣ, ಅವನ ಕಡೆಯಿಂದ ಚಹಾ, ಒಂದಿಷ್ಟು ವ್ಯಾಪಾರದ ಗುಟ್ಟು. ಕರಗಿಸುವಾಗ ನಿಜವಾಗಿ ಹೋಗುವುದಕ್ಕಿಂತ ಹೆಚ್ಚು ಸವಕಳಿ ತೋರಿಸುವುದು ಹೇಗೆಂದು ಒಂದು ವಾರ ಹೇಳಿದ. ವರ್ಷಕ್ಕೊಮ್ಮೆ ಅಂಗಡಿಯ ನೆಲದ ಕಸ ಗುಡಿಸಿ ಅದನ್ನೂ ಮಾರುತ್ತೇನೆ, ಕಸ ತೊಳೆದು ಬೆಳ್ಳಿ ತೆಗೆಯುವವರೇ ಬೇರೆ ಇದ್ದಾರೆ ಎಂದು ಇನ್ನೊಂದು ವಾರ ಹೇಳಿದ. ಆಕೆ ಥಟ್ಟನೆ ಎರಡೂ ಕಾಲು ಎತ್ತಿಕೊಂಡಳು.

"ಹಾಗಾದ್ರೆ ನನ್ನ ಚಪ್ಪಲಿಗೆ ಅಂಟ್ಕೊಂಡು ಹೋಗೋದೂ ನಿಮ್ಮ ಬೆಳ್ಳೀನೇ ಅನ್ನಿ. ಇಷ್ಟು ದಿನ ಕಳ್ಳತನ ಮಾಡ್ತಿದ್ನಲ್ಲ ನಾನು!"

"ಇಲ್ಲೇ ಕೊಡವಿ ಹೋಗಿ."

"ತೂಗಿ ಕಳಿಸಿ ಬೇಕಾದ್ರೆ. ಬರುವಾಗೊಂದು ತೂಕ, ಹೋಗುವಾಗೊಂದು ತೂಕ."

ಮತ್ತೊಂದು ವಾರ ಆಕೆ ಕೇಳಿದಳು: "ದರ ಬಿದ್ದಾಗ ತಗೊಂಡು, ಎದ್ದಾಗ ಮಾರಿದ್ರೆ ಆಯ್ತಪ್ಪ. ಇಷ್ಟೆಲ್ಲ ಕಷ್ಟ ಯಾಕೆ?"

"ಅದು ದುಡ್ಡಿದ್ದೋರ ಆಟ. ಕೂತ ಬೆಳ್ಳಿ ಸಾಹುಕಾರನ್ನೇ ತಿನ್ನುತ್ತೆ. ಸಾಲದ ದುಡ್ಡು, ಬಡ್ಡಿ ಓಡ್ತಿರುತ್ತೆ. ನಮ್ಮಂಥೋರು ಇವತ್ತು ತಗೊಂಡದ್ದನ್ನ ನಾಳೆ ಕುಲುಮೆಗೆ ಹಾಕಬೇಕು. ಇಟ್ಕೊಂಡು ಕೂತ್ರೆ ಕೆಟ್ಟೆವು."

ಆಕೆ ಚಹಾದ ಲೋಟ ಕೆಳಗಿಟ್ಟು, ಚಮಚಗಳಿದ್ದ ಖಾನೆಯ ಕಡೆ ನೋಡಿದಳು. ಹೋಗುವಾಗ "ನೀವು ಅಂದ್ಕೊಂಡಷ್ಟು ಲೆಕ್ಕಾಚಾರದ ಮನುಷ್ಯ ಅಲ್ಲ" ಎಂದಳು. ಅವನಿಗೆ ಅರ್ಥವಾಗಲಿಲ್ಲ, ಆದರೂ ಇಡೀ ವಾರ ಆ ಮಾತನ್ನು ಜೇಬಿನಲ್ಲಿಟ್ಟವನಂತೆ ಓಡಾಡಿದ. ತನಗೆ ಗೊತ್ತಿದ್ದ ಲಾಭಗಳನ್ನೆಲ್ಲ ಆಕೆಯ ಮುಂದೆ ಬಿಚ್ಚಿದ್ದ, ಒಂದನ್ನು ಬಿಟ್ಟು. ಆ ಒಂದು, ಖಾನೆಯಲ್ಲಿ ಸಾಲಾಗಿ ಮಲಗಿತ್ತು.

ಒಂದು ಬುಧವಾರ ಬೆಳಿಗ್ಗೆ ಹಳೇ ಸಾಮಾನಿನವನು ಬಂದಾಗ ಖಾನೆಯಲ್ಲಿ ಒಂಬತ್ತು ಚಮಚಗಳಿದ್ದವು. ಅವನು ಸ್ಕೂಟರಿನಲ್ಲಿ ಊರೆಲ್ಲ ಸುತ್ತಿ ಗಡಿಯಾರ, ಕನ್ನಡಿ, ದೀಪ ಕೊಂಡು ಶ್ರೀಮಂತರ ಮನೆಗೆ ಮುಟ್ಟಿಸುವವನು. ಒಂದು ಚಮಚ ಎತ್ತಿ ಮುದ್ರೆ ನೋಡಿ ಸಿಳ್ಳೆ ಹಾಕಿದ.

"ಗುಲಗಂಜಿ ಅಣ್ಣಾ, ಇದನ್ನ ಎಲ್ಲಿ ಹೊಡೆದೆ?"

"ಹೊಡೆದದ್ದಲ್ಲ, ತೂಗಿ ತಗೊಂಡದ್ದು."

"ಅದನ್ನೇ ನಾನೂ ಹೇಳಿದ್ದು. ಉಳಿದ ಮೂರು ಎಲ್ಲಿ?"

"ಬರ್ತಾವೆ."

"ಬರ್ತಾವೆ ಅಂದ್ರೆ? ಅವೇನು ನೆಂಟರಾ, ಪುರುಸೊತ್ತಾದಾಗ ಬರೋಕೆ? ನೋಡಣ್ಣ, ನನ್ನ ಕೈಯಲ್ಲಿ ಒಬ್ಬರು ಗಿರಾಕಿ ಇದಾರೆ. ಇದೇ ಮುದ್ರೆ ಹುಡುಕ್ತಿದಾರೆ. ಡಜನ್ ಇದ್ರೆ ಲೋಹದ ಬೆಲೆಯ ಐದು ಪಟ್ಟು ನಿನ್ನ ಕೈಗೆ. ಅರ್ಧ ಡಜನ್ ಇದ್ರೆ ಎರಡು ಪಟ್ಟು. ನಡುವೆ ಎಷ್ಟಿದ್ರೂ ಆರೇ ಲೆಕ್ಕ. ಐದಿದ್ರೆ? ಗಂಜಿ ಕಲಸ್ಕೊಂಡು ಕುಡಿ. ಮುಂದಿನ ಬುಧವಾರ ಸಾಯಂಕಾಲ ಬರ್ತೀನಿ. ಗುರುವಾರ ಆ ಗಿರಾಕಿ ಊರಲ್ಲಿರಲ್ಲ."

ಅಂದು ಮಧ್ಯಾಹ್ನವೇ ಆಕೆ ಬಂದಳು, ಹತ್ತನೆಯದು ತಂದಳು. ಐದು ಪಟ್ಟು ಎಂದರೆ ಎಷ್ಟಾಗುತ್ತದೆಂದು ಬೆಳಿಗ್ಗೆಯಿಂದ ಗುಣಿಸುತ್ತಿದ್ದ ಗುಲಗಂಜಿ ಚಹಾ ತರಿಸುವುದನ್ನು ಮರೆತ.

"ಉಳಿದ ಎರಡನ್ನೂ ಮುಂದಿನ ವಾರ ಒಟ್ಟಿಗೆ ತಂದುಬಿಡಿ. ದರ ಇಳಿಯೋ ಹಾಗಿದೆ."

"ಎರಡೂನಾ?" ಆಕೆಯ ಕೈ ಕರವಸ್ತ್ರದ ಮೇಲೆ ನಿಂತಿತು. "ಅಷ್ಟು ಅವಸರವಾ?"

"ನಿಮಗೆ ನಷ್ಟ ಆಗಬಾರದು ಅಂತ."

"ಓ." ಆಕೆ ಗಾಡಿಯೊಂದು ರದ್ದಾಗಿದೆಯೆಂದು ಹೇಳುವ ದನಿಯಲ್ಲಿ, "ಆಯ್ತು, ತರ್ತೀನಿ," ಎಂದಳು.

ಆಕೆ ಹೋದ ಮೇಲೆ ಅವನಿಗೆ ಹೊಳೆಯಿತು, ತಾನು ಒಂದು ಬುಧವಾರವನ್ನು ಕೊಟ್ಟುಬಿಟ್ಟೆ ಎಂದು. ಹೋಗಲಿ, ಅಷ್ಟು ಲಾಭಕ್ಕೆ ಒಂದು ಬುಧವಾರ ಏನು ಮಹಾ ಎಂದುಕೊಂಡ. ಆ ಬುಧವಾರದ ಆಚೆ ಏನಿದೆ ಎಂದು ಯೋಚಿಸಲು ಹೋಗಲಿಲ್ಲ. ದರ ಬೀಳುವುದು ಗೊತ್ತಿದ್ದೂ ಪೇಟೆಯ ಕಡೆ ಕಿವಿ ಕೊಡದ ವ್ಯಾಪಾರಿಗಳಿರುತ್ತಾರೆ.

ಕೊನೆಯ ಬುಧವಾರ ಆಕೆ ಇಸ್ತ್ರಿ ಮಾಡಿದ ಸೀರೆಯಲ್ಲಿ ಬಂದಳು. ಎರಡು ಚಮಚಗಳನ್ನು ಮೇಜಿನ ಮೇಲಿಟ್ಟು, ತೂಗುವುದಕ್ಕೆ ಬಿಡದೆ, "ಉಳಿದವನ್ನೂ ತೆಗೀರಿ," ಎಂದಳು.

"ಯಾವುದನ್ನ?"

"ಆ ಖಾನೆಯಲ್ಲಿರೋದನ್ನ, ಸಾಹುಕಾರ್ರೇ. ನನ್ನ ಕಿವಿ ಚೆನ್ನಾಗಿದೆ. ನೀವು ಖಾನೆ ಎಳೆದಾಗಲೆಲ್ಲ ಒಂದಕ್ಕೊಂದು ತಾಗೋ ಸದ್ದು ಕೇಳ್ತಿತ್ತು. ವಾರದಿಂದ ವಾರಕ್ಕೆ ಸದ್ದು ದೊಡ್ಡದಾಗ್ತಿತ್ತು."

ಅವನು ಹತ್ತು ಚಮಚಗಳನ್ನೂ ತೆಗೆದು ಇಟ್ಟ. ಕಳ್ಳ ಸಿಕ್ಕಿಬಿದ್ದ, ಇನ್ನು ಬೈಗುಳ ಬರುತ್ತದೆ ಎಂದು ಕಾದ.

"ಮೊದಲನೇ ದಿನ ಸೌಟು ಕತ್ತರಿಸಿದ್ರಲ್ಲ," ಎಂದಳು ಆಕೆ, "ನನಗೆ ನೋಡೋಕಾಗಲಿಲ್ಲ. ಅವತ್ತು ಮನೆಗೆ ಹೋಗಿ ಊಟ ಮಾಡಲಿಲ್ಲ. ಚಮಚ ತಂದ ದಿನ ಎದೆ ಗಟ್ಟಿ ಮಾಡ್ಕೊಂಡು ಕೂತಿದ್ದೆ. ನೀವು ಕತ್ತರಿ ಮೇಲೆ ಬಟ್ಟೆ ಎಳೆದ್ರಿ." ಆಕೆ ಒಂದು ಚಮಚವನ್ನು ಬೆರಳಿನಿಂದ ನೇರ ಮಾಡಿದಳು. "ನಾನು ಮುಖ ತಿರುಗಿಸಿದ್ದನ್ನ ನೋಡಿದ್ರಿ ಅಂತ ಆಗಲೇ ಗೊತ್ತಾಯ್ತು. ಯಾರು ನೋಡ್ತಾರೆ ಹೇಳಿ, ಇಂಥದ್ದನ್ನೆಲ್ಲ? ನಾನೇ ಹೇಳೋದು ಬೇಡ ಅಂತ ಸುಮ್ಮನಿದ್ದೆ."

ಗುಲಗಂಜಿ ತಕ್ಕಡಿಯನ್ನು ಪಕ್ಕಕ್ಕೆ ಸರಿಸಿದ.

"ಆದ್ರೆ ಕೂತ ಬೆಳ್ಳಿ ಸಾಹುಕಾರನ್ನೇ ತಿನ್ನುತ್ತೆ ಅಂತ ನೀವೇ ಅಂದ್ರಲ್ಲ, ಅವತ್ತಿನಿಂದ ನನಗೆ ಸಮಾಧಾನ ಇಲ್ಲ. ನನ್ನಿಂದ ನಿಮಗೆ ಬಡ್ಡಿ ಬೀಳ್ತಿದೆ. ಹೋದ ವಾರ ನೀವು ಅವಸರ ಮಾಡಿದಾಗ ಅಂದ್ಕೊಂಡೆ, ಪಾಪ, ಇನ್ನು ತಡ್ಕೊಳ್ಳೋಕಾಗ್ತಿಲ್ಲ ಅಂತ. ನನ್ನ ಸಲುವಾಗಿ ನಷ್ಟ ಮಾಡ್ಕೋಬೇಡಿ. ಇವತ್ತು ಎಲ್ಲಾನೂ ಕತ್ತರಿಸಿಬಿಡಿ. ನಾನು ಕೂತು ನೋಡ್ತೀನಿ. ಮುಖ ತಿರುಗಿಸಲ್ಲ."

ಹೇಳಬೇಕಾದ ಮಾತು ಒಂದೇ ಒಂದು: ಇವಕ್ಕೆ ಐದು ಪಟ್ಟು ಬೆಲೆ ಇದೆ, ಸಾಯಂಕಾಲ ಗಿರಾಕಿ ಬರುತ್ತಾನೆ. ಬೇಕಿದ್ದರೆ ಬಂದದ್ದರಲ್ಲಿ ಪಾಲನ್ನೂ ಕೊಡಬಹುದು, ಅದು ನ್ಯಾಯವೂ ಹೌದು. ಆದರೆ ಆ ಮಾತಿನ ಬೆನ್ನಿಗೆ ಇನ್ನೊಂದು ತಾನಾಗಿ ಬರುತ್ತಿತ್ತು. ನಾನು ನೋಡಿದ್ದು ನಿಮ್ಮ ಮುಖವನ್ನಲ್ಲ, ಮುದ್ರೆಯನ್ನು. ಇಷ್ಟು ವಾರ ಅವನು ಬಾಯಿ ತುಂಬ ಹೇಳಿದ ಲಾಭಗಳೆಲ್ಲ ಸಲೀಸಾಗಿ ಬಂದಿದ್ದವು. ಇದೊಂದು ಬರಲಿಲ್ಲ. ಆಕೆ ಗೋಡೆ ನೋಡುತ್ತಿರಲಿಲ್ಲ, ಬಾಗಿಲು ನೋಡುತ್ತಿರಲಿಲ್ಲ. ಅವನನ್ನೇ ನೋಡುತ್ತಿದ್ದಳು.

ಅವನು ಕತ್ತರಿಯ ಮೇಲಿನ ಬಟ್ಟೆ ತೆಗೆದ.

ಮೊದಲ ಚಮಚದ ಕತ್ತು ಕತ್ತರಿಯ ಬಾಯಲ್ಲಿ ಕೂತಿತು. ಇನ್ನೂ ಡಜನ್. ಹಿಡಿ ಒತ್ತಿದ. ಟಕ್. ಎಲೆಯಿದ್ದ ತುದಿ ಮೇಜಿನ ಮೇಲೆ ಉರುಳಿ ನಿಂತಿತು. ಡಜನ್ ಹೋಯಿತು.

"ಒಂದು," ಎಂದಳು ಆಕೆ. ದನಿ ಅಲುಗಲಿಲ್ಲ, ಅದು ಅಭ್ಯಾಸವಿದ್ದ ದನಿ.

ಎರಡು, ಮೂರು. ಹನ್ನೊಂದಿದ್ದರೂ ಆರೇ ಲೆಕ್ಕ, ಏಳಿದ್ದರೂ ಆರೇ ಲೆಕ್ಕ. ನಾಲ್ಕು. ಗುಲಗಂಜಿಯ ತಲೆಯೊಳಗೆ ಅಪ್ಪ ಇನ್ನೂ ಜೀವಂತವಾಗಿದ್ದು ಲೆಕ್ಕ ಹಾಕುತ್ತಿದ್ದ: ಎರಡು ಪಟ್ಟು ಇನ್ನೂ ಎಲ್ಲಿಗೂ ಹೋಗಿಲ್ಲ. ಐದು. ಆರು. ಅಲ್ಲಿ ಅವನು ಕೈ ನಿಲ್ಲಿಸಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ಇವತ್ತಿಗೆ ಸಾಕು. ಉಳಿದದ್ದನ್ನ ಆಮೇಲೆ ನಾನೇ ಮಾಡ್ಕೊಳ್ತೀನಿ."

"ಆಮೇಲೆ ಅಂದ್ರೆ ಆಯ್ತು. ನಾನು ಆ ಕಡೆ ಹೋದ ತಕ್ಷಣ ಮತ್ತೆ ಬಟ್ಟೆ ಮುಚ್ಚಿ ಇಟ್ಟುಬಿಡ್ತೀರಿ. ನಂಗೊತ್ತಿಲ್ವಾ ನಿಮ್ಮನ್ನ?"

ಹಾಗೆಂದು ಅವನಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಅಣ್ಣನೂ ಹೇಳಿರಲಿಲ್ಲ. ಅವನು ಏಳನೆಯದನ್ನು ಎತ್ತಿಕೊಂಡ. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ. ಆಮೇಲೆ ಒತ್ತಿದ.

"ಏಳು."

ಅಲ್ಲಿಂದ ಮುಂದೆ ಉಳಿದದ್ದು ಬರೀ ಲೋಹ. ಬೇಗ ಬೇಗ ಮುಗಿಸಬಹುದಿತ್ತು. ಅವನು ಮಾತ್ರ ಪ್ರತಿಯೊಂದನ್ನೂ ಬಟ್ಟೆಯಿಂದ ಒರೆಸಿದ, ಬೆಳಕಿಗೆ ಹಿಡಿದ, ಕತ್ತರಿಯ ತಿರುಪು ಸಡಿಲವಾಗಿದೆಯೆಂದು ಬಿಗಿ ಮಾಡಿದ. ಆಕೆಯೂ ಅವಸರ ಮಾಡಲಿಲ್ಲ. ಒಂಬತ್ತನೆಯ ಚಮಚದ ಹೊತ್ತಿಗೆ ಎದುರಿನ ಅಂಗಡಿಯಿಂದ ಚಹಾ ತರಿಸಿದ. ಹನ್ನೊಂದನೆಯದರ ಹೊತ್ತಿಗೆ ಅದು ತಣ್ಣಗಾಗಿತ್ತು, ಇಬ್ಬರೂ ತಣ್ಣಗಿನದನ್ನೇ ಕುಡಿದರು. "ಹನ್ನೆರಡು" ಎಂದ ಮೇಲೆ ಆಕೆ ಅಭ್ಯಾಸಬಲದಿಂದ ಇನ್ನೇನೋ ಸೇರಿಸಬೇಕೆಂಬಂತೆ ಬಾಯಿ ತೆರೆದು, ಮುಚ್ಚಿದಳು.

ಅವನು ಕೊನೆಯ ಎರಡು ಚಮಚಗಳ ದುಡ್ಡು ಕೊಟ್ಟ. ಆಕೆ ನೋಡಿದಳು.

"ಇದು ಜಾಸ್ತಿ ಇದೆಯಲ್ಲ. ದರ ಇಳಿಯುತ್ತೆ ಅಂದಿದ್ರಿ?"

"ಏರಿತು."

"ಹತ್ತು ಮುರ್ಕೊಂಡಿಲ್ಲ ನೀವು."

"ಮುರ್ಕೊಂಡಿದೀನಿ. ನಿಮಗೆ ಲೆಕ್ಕ ಬರಲ್ಲ."

ಆಕೆ ನಕ್ಕು ದುಡ್ಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಎದ್ದಳು. ಇಷ್ಟು ವಾರ ಹೊತ್ತದ್ದನ್ನು ಇಳಿಸಿದವಳಂತೆ ಹಗುರಾಗಿದ್ದಳು, ಅದು ಅವನಿಗೂ ಕಾಣುತ್ತಿತ್ತು. ಬಾಗಿಲ ಹತ್ತಿರ ಒಂದು ಕ್ಷಣ ನಿಂತಳು. ಅವನು ಏನಾದರೂ ಹೇಳಲೆಂದು ನಿಂತಂತಿತ್ತು. ಅವನಿಗೆ ಬರುತ್ತಿದ್ದದ್ದು ಅಂಗಡಿಯ ಮಾತು, ಎಲ್ಲ ಗಿರಾಕಿಗಳಿಗೂ ಹೇಳಿ ಹೇಳಿ ಸವೆದದ್ದು.

"ಏನಾದ್ರೂ ಇದ್ರೆ ತನ್ನಿ."

"ಇನ್ನೇನಿದೆ?" ಎಂದಳು ಆಕೆ. "ಎಲ್ಲ ತಂದಾಯ್ತಲ್ಲ."

ರಸ್ತೆಯ ಅಂಚಿನಲ್ಲಿ ಆಕೆ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ವಾಹನ ಯಾವುದೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ದಾಟಿದಳು.

ಬಿಸಿಲು ಅಂಗಡಿಯ ಹೊಸ್ತಿಲು ಬಿಟ್ಟು ಎದುರಿನ ಗೋಡೆಗೆ ಏರಿದಾಗ ಹೊರಗೆ ಸ್ಕೂಟರು ನಿಂತ ಸದ್ದಾಯಿತು. "ಗುಲಗಂಜಿ ಅಣ್ಣಾ, ನೆಂಟರು ಬಂದ್ರಾ?" ಎಂದು ಹಳೇ ಸಾಮಾನಿನವನು ಹೊರಗಿನಿಂದಲೇ ಕೂಗಿದ. ಗುಲಗಂಜಿ ಏಳಲಿಲ್ಲ. ಅವನ ಬಲ ಅಂಗೈಯಲ್ಲಿ ಕತ್ತರಿಯ ಹಿಡಿ ಒತ್ತಿದ ಗೆರೆ ಕೆಂಪಗೆ ಎದ್ದಿತ್ತು. ಬೆರಳುಗಳನ್ನು ಬಿಡಿಸಿ, ಅಂಗೈಯನ್ನು ಮೇಜಿನ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು, ಆ ಗೆರೆ ನಿಧಾನಕ್ಕೆ ಚರ್ಮದ ಬಣ್ಣಕ್ಕೆ ತಿರುಗುವುದನ್ನು ನೋಡುತ್ತಾ ಕುಳಿತಿದ್ದ.